ಸಾಲದ ವರ್ಷಗಳಲ್ಲಿ ಮೊರೆಯ ಕೀರ್ತನೆಗಳು: ನನ್ನ ಅನುಭವ

ಕಷ್ಟದಲ್ಲಿರುವ ಕ್ರೈಸ್ತನು ಸ್ತೋತ್ರ ಮಾಡಬೇಕೇ ಹೊರತು ದೇವರ ಮುಂದೆ ದೂರು ಹೇಳಬಾರದೆಂದು ನಮ್ಮ ಸಭೆಯ (ಚರ್ಚಿನ) ಹಿರಿಯರಲ್ಲಿ ಹಲವರು ನನಗೆ ಬುದ್ಧಿ ಹೇಳಿದ್ದರು. ಸತ್ಯವೇದದ (ಬೈಬಲಿನ) ಕೀರ್ತನೆಗಳಲ್ಲಿ ದೇವರ ಮುಂದೆ ದುಃಖ ತೋಡಿಕೊಳ್ಳುವ ಮೊರೆಯ ಕೀರ್ತನೆಗಳನ್ನು ಹಿಡಿದು ದೂರು ಹೇಳಿಯೇ ನನ್ನ ವಿಶ್ವಾಸ ಉಳಿಯಿತು, ಅದೇ ದಾರಿಯಲ್ಲಿ ಬದುಕಿಗೊಂದು ಕೆಲಸವೂ ದೊರೆಯಿತು. ಇದನ್ನು ಈಗ ಅವರೇ ಒಪ್ಪಿರುವುದರಿಂದ ಮಾಡಿದ ಕ್ರಮವನ್ನು ಬರೆದಿಡುತ್ತಿದ್ದೇನೆ.

ಜರ್ಮನ್ ಮಿಷನರಿ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಅಚ್ಚು ಹಾಕಿಸಿದ ಮಂಗಳೂರಿನಲ್ಲಿ ನನ್ನದೂ ಒಂದು ಸಣ್ಣ ಅಚ್ಚುಕೂಟವಿತ್ತು. ಲಗ್ನಪತ್ರಿಕೆ ಮತ್ತು ಬಿಲ್ ಪುಸ್ತಕಗಳೇ ಅದರ ಆದಾಯ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಮದುವೆಗಳು ನಿಂತಾಗ ಆಫ್‌ಸೆಟ್ ಯಂತ್ರದ ಸಾಲ, ಹೆಂಡತಿಯ ಚಿನ್ನ ಅಡವಿಟ್ಟ ಸಾಲ, ಕಾಗದದ ಅಂಗಡಿಯ ಬಾಕಿ, ಕೈಸಾಲ ಎಲ್ಲ ಸೇರಿ ಹನ್ನೊಂದು ಲಕ್ಷದ ಆಸುಪಾಸಿನಲ್ಲಿತ್ತು. ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಯಂತೆ ಬಡ್ಡಿ.

ಎಲ್ಲರೂ ಹೇಳುವ ದಾರಿಗಳನ್ನೇ ಮೊದಲು ಹಿಡಿದೆ. ವರ್ಷದೊಳಗೆ ಇಡೀ ಸತ್ಯವೇದವನ್ನು ಓದಿಸುವ ಪಟ್ಟಿ ಅದರ ಮೂರನೆಯ ಗ್ರಂಥವಾದ ಯಾಜಕಕಾಂಡದಲ್ಲಿಯೇ ನಿಂತಿತು. ಉಪವಾಸ ಪ್ರಾರ್ಥನೆ ಕೆಲವು ತಿಂಗಳು ನಡೆಯಿತು. ಹಸಿದಷ್ಟೂ ಕಂತಿನ ಲೆಕ್ಕವೇ ತಲೆಯಲ್ಲಿ ತಿರುಗುತ್ತಿತ್ತು. ಅತ್ಯಂತ ದುಬಾರಿಯಾದದ್ದು ಮೂರನೆಯದು. ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು, ದೇವರಿಗೆ ಬಿತ್ತಿದ್ದು ನೂರರಷ್ಟಾಗಿ ಹಿಂದಿರುಗುವುದೆಂದು ಹೇಳಿ ಕಾಣಿಕೆ ಕೇಳಿದರು. ಪ್ರಯಾಣ, ವಸತಿ, ಕಾಣಿಕೆ ಸೇರಿ ಸುಮಾರು ಮೂವತ್ತು ಸಾವಿರ ಹೋಯಿತು. ಅಷ್ಟರಲ್ಲಿ ಕೈಸಾಲದ ಎರಡು ಮೂರು ತಿಂಗಳ ಬಡ್ಡಿ ತೀರುತ್ತಿತ್ತು. ಸಾಲದಲ್ಲಿರುವವರಿಂದ ಹೀಗೆ ಹಣ ಎತ್ತುವುದು ಸುವಾರ್ತೆಯಲ್ಲವೆಂದು ನಾನು ಇಂದಿಗೂ ಯಾರ ಮುಂದಾದರೂ ಹೇಳುತ್ತೇನೆ.

ಕೊನೆಗೆ ಕೈಹಿಡಿದದ್ದು, ಎಷ್ಟು ಕಾಲ ನನ್ನನ್ನು ಮರೆತಿರುತ್ತೀ ಎಂದು ದೇವರನ್ನೇ ಕೇಳುವ ಹದಿಮೂರನೆಯ ಕೀರ್ತನೆ. ಆರಾಧನೆಯಲ್ಲಿ ನಾವು ಭರವಸೆ, ಸ್ತುತಿಯ ಕೀರ್ತನೆಗಳಾದ 23, 100, 121 ಇವುಗಳನ್ನೇ ಮತ್ತೆ ಮತ್ತೆ ಓದುತ್ತೇವೆ. ಆದರೆ ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಮೊರೆಗಳೇ. ಅಚ್ಚುಕೂಟದ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತೆಗೆದುಕೊಂಡು, ಬೆಳಿಗ್ಗೆ ಎದ್ದ ಕೂಡಲೇ ಎಡಪುಟದಲ್ಲಿ ಒಂದು ಮೊರೆಯ ಕೀರ್ತನೆಯನ್ನು ನಕಲು ಮಾಡಿ, ಬಲಪುಟದಲ್ಲಿ ಅದೇ ವಚನಕ್ಕೆ ಎದುರಾಗಿ ನನ್ನ ಮೊರೆಯನ್ನು ಬರೆಯತೊಡಗಿದೆ. ಕೀರ್ತನೆಕಾರನಾದ ದಾವೀದನು ಪ್ರಶ್ನಿಸಿದ ಕಡೆ ನನ್ನದೂ ಪ್ರಶ್ನೆ. ಅವನು ವೈರಿಯ ಹೆಸರೆತ್ತಿದ ಕಡೆ ಸಾಲ ಕೊಟ್ಟವನು, ಮೊತ್ತ, ಗಡುವಿನ ತಾರೀಖು. ಭರವಸೆಯ ವಚನ ಬಂದಾಗ ಬರೆಯಲು ನಿಜವಾದದ್ದೇನೂ ಇಲ್ಲದಿದ್ದರೆ ಆ ಜಾಗವನ್ನು ಖಾಲಿ ಬಿಡಬೇಕೆಂಬುದು ನಿಯಮ. ಮೊದಲ ಕೆಲವು ವಾರ ಬಲಪುಟದ ಕೆಳಭಾಗ ಖಾಲಿಯೇ ಇತ್ತು. ಆಮೇಲೆ ಅಲ್ಲಿ ಸಣ್ಣ ಸಾಲುಗಳು ಕಾಣಿಸಿಕೊಂಡವು: ‘ಇಂದು ಬಿಲ್ ಪುಸ್ತಕದ ಕೆಲಸವೊಂದು ಬಂತು’, ‘ಮಗಳ ಶುಲ್ಕಕ್ಕೆ ತಂಗಿ ಕೇಳದೆಯೇ ಕೊಟ್ಟಳು’. ಕೃತಜ್ಞತೆಯನ್ನು ಒತ್ತಾಯದಿಂದ ತರಿಸಿಕೊಂಡಿದ್ದರೆ ಈ ಸಾಲುಗಳು ಹುಟ್ಟುತ್ತಿರಲಿಲ್ಲ.

ಇದು ಅವಿಶ್ವಾಸವೆಂದವರಿಗೆ ನಾನು, ಸಂಕಟದಲ್ಲಿ ದೇವರ ಮುಂದೆಯೇ ದೂರು ಹೇಳಿದ ಯೋಬನ ಗ್ರಂಥದ ಕೊನೆಯ ಅಧ್ಯಾಯವನ್ನು ತೋರಿಸುತ್ತಿದ್ದೆ. ಅಲ್ಲಿ ದೇವರು ಸಿಟ್ಟಾಗುವುದು ತನ್ನ ಪರವಾಗಿ ವಾದಿಸಿದ ಯೋಬನ ಸ್ನೇಹಿತರ ಮೇಲೆಯೇ, ಯೋಬನ ಮೇಲಲ್ಲ. ನಮ್ಮ ಕರ್ತನಾದ ಯೇಸುವೂ ಶಿಲುಬೆಯ ಮೇಲೆ, ನನ್ನನ್ನು ಏಕೆ ಕೈಬಿಟ್ಟೆ ಎಂದು ದೇವರನ್ನು ಕೇಳುವ ಇಪ್ಪತ್ತೆರಡನೆಯ ಕೀರ್ತನೆಯ ಮೊರೆಯನ್ನೇ ಬಾಯಿಗೆ ತಂದುಕೊಂಡನು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಮೊಬೈಲಿನಲ್ಲಿ ಟೈಪ್ ಮಾಡಿದರೆ ಬೇಗ ಮುಗಿಯುತ್ತದೆ, ಮನಸ್ಸಿನಲ್ಲಿ ನಿಲ್ಲುವುದಿಲ್ಲ. ರಾತ್ರಿ ಬರೆದರೆ ನಿದ್ದೆ ಹೋಗುತ್ತದೆ. ಶಾಪಗಳು ತುಂಬಿದ 109ನೆಯ ಕೀರ್ತನೆಯನ್ನು, ಬಾಗಿಲಿಗೆ ಬಂದು ಬೈದುಹೋದ ವಸೂಲಿಗಾರನನ್ನು ನೆನೆದು ಬರೆದೆ. ಸಿಟ್ಟು ಪುಸ್ತಕದಲ್ಲಿಯೇ ಉಳಿದು ಮನೆಯವರ ಮೇಲೆ ಬೀಳುವುದು ತಪ್ಪಿತು. ಭರವಸೆಯ ಮಾತಿಲ್ಲದೆ ಮುಗಿಯುವ 88ನೆಯದನ್ನು ಮಾತ್ರ ಯಾರೂ ಒಂಟಿಯಾಗಿ ಬರೆಯಬಾರದು. ನಾನು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದೆ.

ಮೊತ್ತಗಳನ್ನು ದಿನವೂ ಬರೆದದ್ದರಿಂದ ಸಾಲದ ನಿಜವಾದ ಆಕಾರ ಕಣ್ಣಿಗೆ ಬಿತ್ತು. ಆಫ್‌ಸೆಟ್ ಯಂತ್ರವನ್ನು ಎರಡೂವರೆ ಲಕ್ಷಕ್ಕೋ ಏನೋ ಮಾರಿ ಕೈಸಾಲಕ್ಕೆ ಹಾಕಿದೆ. ಪುಸ್ತಕವನ್ನು ಕಂಡ ಸಭೆಯ ಒಬ್ಬ ವಿಧವೆ ತಮ್ಮ ಸಾಲಗಳನ್ನೂ ಬರೆದುಕೊಡಲು ಕೇಳಿಕೊಂಡರು. ಹೆಚ್ಚು ಬಡ್ಡಿಯದನ್ನು ಮೇಲೆ ಹಾಕಿ ಪಟ್ಟಿ ಮಾಡಿ, ಅಡವಿಟ್ಟದ್ದನ್ನು ಕಡಿಮೆ ಬಡ್ಡಿಗೆ ಮರು ಅಡವಿಡುವ ದಾರಿ ತೋರಿಸಿದೆ. ವರ್ಷದೊಳಗೆ ಅವರ ಎರಡು ಸಾಲ ಮುಗಿದವು. ದೇವರು ನನ್ನನ್ನು ಯಾವುದಕ್ಕಾಗಿ ಇಟ್ಟಿದ್ದಾನೆಂದು ಅಷ್ಟು ಕಾಲ ಕೇಳಿದ ಪ್ರಶ್ನೆಗೆ ಉತ್ತರವನ್ನು ನಾನು ಆ ಮನೆಯ ಮೇಜಿನ ಬಳಿ ಪಡೆದೆ. ಹದಿನೈದರಷ್ಟು ಮನೆಗಳ ಲೆಕ್ಕ ಈವರೆಗೆ ನನ್ನ ಕೈಯಲ್ಲಿ ಸರಿಹೋಗಿದೆ ಎನ್ನಲು ನನಗೆ ಸಂಕೋಚವಿಲ್ಲ. ಮುಚ್ಚಿಟ್ಟ ಸಾಲವನ್ನು ಹೊರಗೆ ತರಿಸಲು ಗಂಡಹೆಂಡಿರಿಗೆ ನಾನು ಕೇಳುವ ಪ್ರಶ್ನೆಯೊಂದಿದೆ; ಮೊದಲೇ ತಿಳಿದರೆ ಅದು ಫಲಿಸದಾದ್ದರಿಂದ ಇಲ್ಲಿ ಬರೆಯುವುದಿಲ್ಲ.

ನನ್ನ ಸಾಲ ಇನ್ನೂ ಒಂದೂವರೆ ಲಕ್ಷದಷ್ಟಿದೆ. ಸಭಾಪಾಲಕರು ಈ ಲೆಕ್ಕದ ಕೆಲಸಕ್ಕೆಂದು ಶನಿವಾರ ಸಂಜೆಗೆ ಸಭಾಭವನದ ಕೋಣೆಯನ್ನು ಬಿಟ್ಟುಕೊಟ್ಟಿದ್ದಾರೆ. ಬೇರೆ ಧರ್ಮದವರೂ ಬರುತ್ತಾರೆ. ಜೂನ್ ಮತ್ತು ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಮೀನುಗಾರರ ಮನೆಗಳಲ್ಲಿ ಕೈಸಾಲ ಏರುವುದರಿಂದ, ಆ ಮಳೆಗಾಲಕ್ಕೆ ಮುಂಚೆ ಲೆಕ್ಕ ಬಲ್ಲ ಇನ್ನಿಬ್ಬರನ್ನು ತಯಾರು ಮಾಡುತ್ತಿದ್ದೇನೆ.