ಹಠಾತ್ ಮೂತ್ರಪಿಂಡ ವೈಫಲ್ಯಕ್ಕೆ ಕೋಡ್ ಹಾಕುವುದು: ಕಲಬುರಗಿಯಲ್ಲಿ ನನ್ನ ಅನುಭವ

ಕಲಬುರಗಿಯ ಆಸ್ಪತ್ರೆಯೊಂದರ ವೈದ್ಯಕೀಯ ದಾಖಲೆ ವಿಭಾಗದಲ್ಲಿ, ಬಿಡುಗಡೆಯಾದ ರೋಗಿಗಳ ಕೇಸ್ ಶೀಟುಗಳನ್ನು ಓದಿ, ಅವುಗಳಲ್ಲಿರುವ ರೋಗನಿರ್ಣಯಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯಂತೆ ಕೋಡ್ ಹಾಕುವ ಕೆಲಸವನ್ನು ನಾನು ಅನೇಕ ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ನಮ್ಮ ಜಿಲ್ಲೆಯ ತಾಲ್ಲೂಕುಗಳಿಂದ ಮಾತ್ರವಲ್ಲದೆ ಯಾದಗಿರಿ, ಬೀದರ್ ಕಡೆಯಿಂದಲೂ ಡಯಾಲಿಸಿಸ್‌ಗೆಂದು ರೆಫರ್ ಆಗಿ ಬಂದವರ ಕಡತಗಳು ನನ್ನ ಮೇಜಿನ ಮೇಲೆ ಸದಾ ಇರುತ್ತವೆ. ಅಂಥ ಎಷ್ಟೋ ಡಿಸ್ಚಾರ್ಜ್ ಸಮ್ಮರಿಗಳಲ್ಲಿ ಅಂತಿಮ ರೋಗನಿರ್ಣಯವೆಂದು ‘ಎಕೆಐ’ (ಅಕ್ಯೂಟ್ ಕಿಡ್ನಿ ಇಂಜುರಿ, ಅಂದರೆ ಮೂತ್ರಪಿಂಡಕ್ಕೆ ಹಠಾತ್ತನೆ ಆದ ಹಾನಿ) ಎಂಬ ಮೂರಕ್ಷರವಷ್ಟೇ ಇರುತ್ತದೆ. ಅದಕ್ಕೆ ಎನ್17.9 ಎಂದು ಬರೆದು ಮುಂದಿನ ಕಡತವನ್ನು ಎತ್ತಿಕೊಂಡರೆ ಯಾರೂ ಆಕ್ಷೇಪಿಸುವುದಿಲ್ಲ. ಆದರೆ ಆ ಮೂತ್ರಪಿಂಡ ಏಕೆ ಕೆಟ್ಟಿತು ಎಂಬ ಸಂಗತಿ ಆಗ ಕಡತದೊಳಗೇ ಉಳಿದುಬಿಡುತ್ತದೆ, ಜಿಲ್ಲೆಯ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ. ಕಾರಣವನ್ನು ಹುಡುಕಿ, ಮೂತ್ರಪಿಂಡದ ಕೋಡಿನ ಜೊತೆಗೆ ಅದರ ಕೋಡನ್ನೂ ಇಡುವುದೇ ಈ ಕೆಲಸದ ಮುಖ್ಯ ಭಾಗವೆಂದು ನಾನು ತಿಳಿದಿದ್ದೇನೆ.

ಎನ್17 ಎಂಬುದು ಹಠಾತ್ ಮೂತ್ರಪಿಂಡ ವೈಫಲ್ಯದ ಗುಂಪು. ಮೂತ್ರಪಿಂಡದೊಳಗಿನ ಸೂಕ್ಷ್ಮ ನಾಳಿಕೆಗಳು ನಾಶವಾಗಿದ್ದರೆ, ಅಂದರೆ ವೈದ್ಯರು ಎಟಿಎನ್ (ಅಕ್ಯೂಟ್ ಟ್ಯೂಬ್ಯುಲರ್ ನೆಕ್ರೋಸಿಸ್) ಎಂದು ಬರೆದಿದ್ದರೆ ಎನ್17.0, ಮೂತ್ರಪಿಂಡದ ಹೊರಪದರ ಕೊಳೆತಿದ್ದರೆ ಎನ್17.1, ಒಳಭಾಗ ಕೊಳೆತಿದ್ದರೆ ಎನ್17.2, ಬೇರೆ ಬಗೆಯದಾದರೆ ಎನ್17.8, ಏನೂ ನಿರ್ದಿಷ್ಟವಾಗಿ ಹೇಳಿಲ್ಲದಿದ್ದರೆ ಎನ್17.9. ಎನ್18 ದೀರ್ಘಕಾಲದ ಕಾಯಿಲೆಗೆ ಮೀಸಲು. ಹಠಾತ್ತೋ ದೀರ್ಘವೋ ಎಂಬುದನ್ನೇ ಬರೆಯದೆ ‘ಕಿಡ್ನಿ ಫೇಲ್ಯೂರ್’ ಎಂದು ಬಿಟ್ಟ ಕಡತ ಎನ್19ಕ್ಕೆ ಹೋಗುತ್ತದೆ. ವೈದ್ಯರನ್ನು ಕೇಳದೆ ನಾನು ಎನ್19 ಬರೆಯುವುದಿಲ್ಲ, ಏಕೆಂದರೆ ಆ ಕೋಡಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಕಡತ ಕೈಗೆ ಬಂದಾಗ ನಾನು ಸಮ್ಮರಿಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ತುರ್ತು ಚಿಕಿತ್ಸಾ ವಿಭಾಗದ ಟಿಪ್ಪಣಿ, ಆಮೇಲೆ ಪ್ರಯೋಗಾಲಯದ ವರದಿಗಳು, ನಂತರ ನರ್ಸ್‌ಗಳು ಬರೆದಿಟ್ಟ ಇನ್‌ಟೇಕ್–ಔಟ್‌ಪುಟ್ ಚಾರ್ಟ್, ಇದ್ದರೆ ಡಯಾಲಿಸಿಸ್ ಹಾಳೆ, ಈ ಕ್ರಮದಲ್ಲಿ ಓದುತ್ತ ಹೋಗುತ್ತೇನೆ. ಮೂತ್ರಪಿಂಡ ಕೆಟ್ಟಾಗ ರಕ್ತದಲ್ಲಿ ಏರುವ ತ್ಯಾಜ್ಯವಾದ ಕ್ರಿಯಾಟಿನಿನ್‌ನ ಅಂಕಿಗಳನ್ನು ದಿನಾಂಕದ ಸಮೇತ ಒಂದು ಚೀಟಿಯ ಮೇಲೆ ಕೆಳಗೆ ಕೆಳಗೆ ಬರೆದುಕೊಳ್ಳುತ್ತೇನೆ. ಮೂತ್ರಪಿಂಡ ರೋಗಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಕೆಡಿಗೊದ 2012ರ ಮಾರ್ಗಸೂಚಿಯ ಪ್ರಕಾರ 48 ಗಂಟೆಗಳೊಳಗೆ ಕ್ರಿಯಾಟಿನಿನ್ ಪ್ರತಿ ಡೆಸಿಲೀಟರ್ ರಕ್ತಕ್ಕೆ 0.3 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಏರಿದ್ದರೆ, ಇಲ್ಲವೇ 7 ದಿನಗಳೊಳಗೆ ಮೂಲಮಟ್ಟದ ಒಂದೂವರೆ ಪಟ್ಟು ಆಗಿದ್ದರೆ, ಇಲ್ಲವೇ ಮೂತ್ರವು 6 ಗಂಟೆಗಳ ಕಾಲ ದೇಹತೂಕದ ಪ್ರತಿ ಕಿಲೋಗೆ ಗಂಟೆಗೆ ಅರ್ಧ ಮಿಲಿಲೀಟರ್‌ಗಿಂತ ಕಡಿಮೆ ಬಂದಿದ್ದರೆ ಅದು ಹಠಾತ್ ಹಾನಿ. ಈ ಅಳತೆಗಳನ್ನು ನಾನು ನೆನಪಿಟ್ಟುಕೊಂಡಿರುವುದು ರೋಗನಿರ್ಣಯ ಮಾಡುವುದಕ್ಕಲ್ಲ. ಆ ಅಧಿಕಾರ ಕೋಡರ್‌ಗೆ ಇಲ್ಲ, ಇರಲೂ ಬಾರದು. ಪ್ರಯೋಗಾಲಯದ ಅಂಕಿ ಎಷ್ಟೇ ಏರಿದ್ದರೂ ವೈದ್ಯರ ಬರಹ ಇಲ್ಲದೆ ಎನ್17 ಹಾಕುವಂತಿಲ್ಲ. ಯಾರನ್ನು ಏನು ಕೇಳಬೇಕೆಂಬುದು ಮಾತ್ರ ಆ ಚೀಟಿಯಿಂದ ನನಗೆ ಗೊತ್ತಾಗುತ್ತದೆ.

ಕೇಳುವ ರೀತಿಯ ಬಗ್ಗೆ ನನಗೆ ತುಂಬ ಕಾಳಜಿಯಿದೆ. ‘ಇದು ಎಟಿಎನ್ ಅಲ್ಲವೇ?’ ಎಂದು ಬರೆದರೆ ಅವಸರದಲ್ಲಿರುವ ಕಿರಿಯ ವೈದ್ಯರು ಹೌದೆಂದು ಸಹಿ ಹಾಕಿಬಿಡುವ ಸಂಭವವಿರುತ್ತದೆ. ಆದ್ದರಿಂದ ನಾನು ಅಂಕಿಗಳನ್ನು ದಿನಾಂಕದೊಂದಿಗೆ ನಮೂದಿಸಿ, ‘ಈ ಏರಿಕೆಗೆ ಸಂಬಂಧಿಸಿದ ರೋಗನಿರ್ಣಯ ಇದ್ದಲ್ಲಿ ಅದನ್ನೂ ಅದರ ಕಾರಣವನ್ನೂ ದಯವಿಟ್ಟು ದಾಖಲಿಸಿ’ ಎಂದಷ್ಟೇ ಬರೆಯುತ್ತೇನೆ. ಉತ್ತರವನ್ನು ಬಾಯಿಮಾತಿನಲ್ಲಿ ಪಡೆಯುವುದಿಲ್ಲ. ಅದು ಕೇಸ್ ಶೀಟಿನಲ್ಲಿ ದಿನಾಂಕ, ಸಹಿಯೊಂದಿಗೆ ಸೇರಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಕಡತಗಳಿಗೂ ಇದೇ ಕ್ರಮ. ಚಿಕಿತ್ಸಾ ಪ್ಯಾಕೇಜಿನ ಸಂಖ್ಯೆ ಬೇರೆ, ರೋಗದ ಕೋಡ್ ಬೇರೆ, ಒಂದಕ್ಕಾಗಿ ಇನ್ನೊಂದನ್ನು ಬಗ್ಗಿಸಲಾಗದು.

ಚಿತ್ತಾಪುರ ತಾಲ್ಲೂಕಿನ ರೈತ ಕಾರ್ಮಿಕರೊಬ್ಬರ ಕಡತವನ್ನು ಇಲ್ಲಿ ವಿವರವಾಗಿ ಹೇಳುವುದು ಉಚಿತ. ಸಮ್ಮರಿಯಲ್ಲಿದ್ದದ್ದು ‘ಎಕೆಐ, ಹಿಮೋಡಯಾಲಿಸಿಸ್ ನೀಡಲಾಗಿದೆ’ ಎಂಬ ಒಂದೇ ಸಾಲು. ತುರ್ತು ವಿಭಾಗದ ಟಿಪ್ಪಣಿಯಲ್ಲಿ ಮಾತ್ರ, ತೊಗರಿ ಹೊಲದಲ್ಲಿ ಕಳೆ ತೆಗೆಯುವಾಗ ಬಲಪಾದಕ್ಕೆ ಹಾವು ಕಚ್ಚಿದ್ದೂ, ಗಾಜಿನ ಕೊಳವೆಯಲ್ಲಿಟ್ಟ ರಕ್ತ 20 ನಿಮಿಷವಾದರೂ ಹೆಪ್ಪುಗಟ್ಟದಿದ್ದದ್ದೂ, ವಿಷನಿರೋಧಕ ಚುಚ್ಚುಮದ್ದು ಆರಂಭಿಸಿದ್ದೂ ಬರೆದಿತ್ತು. ರಕ್ತ ಹೆಪ್ಪುಗಟ್ಟದಂತೆ ಮಾಡಿ ಮೂತ್ರಪಿಂಡವನ್ನೂ ಕೆಡಿಸುವುದು ಮಂಡಲದ ಹಾವಿನ ವಿಷದ ಲಕ್ಷಣ. ನಾಳಿಕೆಗಳ ನಾಶವೂ ಹೊರಪದರದ ಕೊಳೆತವೂ ಅದರಿಂದ ಆಗಬಲ್ಲವು. ನನ್ನ ಚೀಟಿಯ ಮೇಲೆ ಕ್ರಿಯಾಟಿನಿನ್ 1.2 ಇದ್ದದ್ದು 3.4 ಆಗಿ, ಮುಂದೆ 6.8ಕ್ಕೆ ಏರಿತ್ತು, ಔಟ್‌ಪುಟ್ ಚಾರ್ಟಿನಲ್ಲಿ ಮೂತ್ರದ ಕಾಲಂ ಹೆಚ್ಚುಕಡಿಮೆ ಖಾಲಿಯಾಗಿತ್ತು. ಕೇಳಿದಾಗ ಮೂತ್ರಪಿಂಡ ತಜ್ಞರು ‘ಹಾವಿನ ವಿಷದಿಂದಾದ ಎಟಿಎನ್’ ಎಂದು ಕೇಸ್ ಶೀಟಿನಲ್ಲಿ ಬರೆದರು. ಆಗ ಮುಖ್ಯ ಕೋಡ್ ಟಿ63.0, ಅಂದರೆ ಹಾವಿನ ವಿಷ, ಅದರ ಜೊತೆಗೆ ವಿಷದ ಹಾವಿನ ಸಂಪರ್ಕಕ್ಕೆ ಎಕ್ಸ್20, ಘಟನೆ ನಡೆದದ್ದು ಹೊಲದಲ್ಲಾದ್ದರಿಂದ ನಾಲ್ಕನೆಯ ಅಂಕಿ 7, ಆನಂತರ ಎನ್17.0. ಹಿಂದಿದ್ದ ಒಂದೇ ಸಾಲಿಗೆ ಕೋಡ್ ಹಾಕಿದ್ದರೆ ಈ ಮನುಷ್ಯ ಹೊಲದಲ್ಲಿ ಹಾವು ಕಚ್ಚಿಸಿಕೊಂಡವನೆಂಬುದು ಯಾವ ಪಟ್ಟಿಯಲ್ಲೂ ಬರುತ್ತಿರಲಿಲ್ಲ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ ಮೇಲೆ ಈ ಎಚ್ಚರಿಕೆ ಇನ್ನಷ್ಟು ಅಗತ್ಯವಾಗಿದೆ.

ಬೇಸಿಗೆಯ ಕಡತಗಳ ಸ್ವರೂಪ ಬೇರೆ. ಶಹಾಬಾದ್ ಕಡೆಯ ಕಲ್ಲುಗಣಿಗಳಲ್ಲಿ, ರಸ್ತೆ ಕಾಮಗಾರಿಗಳಲ್ಲಿ ದುಡಿಯುವವರು ಬಿಸಿಲಿನ ಹೊಡೆತದಿಂದ ಬಿದ್ದು ಬಂದಾಗ, ವೈದ್ಯರು ಹಾಗೆಂದು ಬರೆದಿದ್ದರೆ ಆ ಹೊಡೆತಕ್ಕೆ ಟಿ67.0, ಅತಿಯಾದ ಬಿಸಿಲಿಗೆ ಒಡ್ಡಿಕೊಂಡದ್ದಕ್ಕೆ ಎಕ್ಸ್30 ಸೇರುತ್ತವೆ. ಮಳೆ ಶುರುವಾದೊಡನೆ ವಾಂತಿಭೇದಿಯ ಎ09, ನೀರಿನಂಶ ಬತ್ತಿದ್ದಕ್ಕೆ ಇ86 ಹೆಚ್ಚಾಗುತ್ತವೆ. ಬಾಣಂತಿಯರ ವಿಷಯದಲ್ಲಿ ಮಾತ್ರ ನೇರವಾಗಿ ಎನ್17ಕ್ಕೆ ಹೋಗಬಾರದು: ಹೆರಿಗೆಯ ನಂತರ ಆದದ್ದಕ್ಕೆ ಒ90.4, ಗರ್ಭಪಾತದ ನಂತರ ಆದದ್ದಕ್ಕೆ ಒ08.4 ಇವೆ. ತಾಯಂದಿರ ಲೆಕ್ಕವನ್ನು ಪ್ರತ್ಯೇಕವಾಗಿ ನೋಡುವುದು ಸಾಧ್ಯವಾಗಿರುವುದೇ ಈ ವಿಂಗಡಣೆಯಿಂದ.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಮೊದಲು ಹೇಳಿಕೊಡುವುದು ಎಸ್37.0ರ ವಿಷಯ. ಎಕೆಐ ಎಂಬುದರಲ್ಲಿ ‘ಇಂಜುರಿ’ ಇದೆಯೆಂದು ಸೂಚಿಯಲ್ಲಿ ಗಾಯದ ಕಡೆ ಹುಡುಕಿದರೆ ಆ ಕೋಡ್ ಸಿಗುತ್ತದೆ. ಅದು ಅಪಘಾತದಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದವರದು. ಡಯಾಲಿಸಿಸ್ ಆಗಿದೆಯೆಂದು ಜೆಡ್99.2 ಹಾಕುವುದೂ ಸರಿಯಲ್ಲ, ಏಕೆಂದರೆ ಅದು ಡಯಾಲಿಸಿಸ್ ಮೇಲೆಯೇ ಅವಲಂಬಿತರಾದವರಿಗೆ. ಕೆಲವು ಸಲ ಯಂತ್ರದ ನೆರವು ಪಡೆದು ಗುಣವಾಗಿ ಮನೆಗೆ ಹೋದವರಿಗೆ ಅದು ಸಲ್ಲದು. ಮೊದಲೇ ದೀರ್ಘಕಾಲದ ಕಾಯಿಲೆಯಿದ್ದು ಈಗ ಹಠಾತ್ತನೆ ಹದಗೆಟ್ಟವರಿಗೆ ಎನ್17 ಮತ್ತು ಹಂತದ ಸಮೇತ ಎನ್18 ಎರಡೂ ಬೇಕು. ಹಿಂದಿನ ಕ್ರಿಯಾಟಿನಿನ್ ಎಷ್ಟಿತ್ತೆಂದು ತಿಳಿಯಲು ರೋಗಿಯ ಹಳೆಯ ಕಡತವನ್ನು ರ‍್ಯಾಕಿನಿಂದ ತೆಗೆಸುತ್ತೇನೆ. ಬೇರೆ ಆಸ್ಪತ್ರೆಯ ಹಳೆಯ ಚೀಟಿಯೊಂದು ಕಡತಕ್ಕೆ ಲಗತ್ತಾಗಿದ್ದರೂ ಅದು ಬೆಲೆಯುಳ್ಳದ್ದೇ. 2022ರಿಂದ ಜಾರಿಗೆ ಬಂದಿರುವ ಐಸಿಡಿ-11ರಲ್ಲಿ ಹಠಾತ್ ವೈಫಲ್ಯದ ಹಂತಗಳಿಗೇ ಬೇರೆ ಬೇರೆ ಕೋಡುಗಳಿವೆ. ಅದು ನಮ್ಮ ಮೇಜಿಗೆ ಬರುವ ಹೊತ್ತಿಗೆ ಅಭ್ಯಾಸವಾಗಿರಲೆಂದು, ಹಂತವನ್ನೂ ಬರೆಯುವಂತೆ ವೈದ್ಯರನ್ನು ಈಗಲೇ ಕೋರುತ್ತಿದ್ದೇನೆ.

ರೋಗಿ ತೀರಿಕೊಂಡಾಗ ಕಡತದ ಜೊತೆಗೆ ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರವೂ, ಅಂದರೆ ನಮೂನೆ 4, ಬರುತ್ತದೆ. ಮೊದಲ ಭಾಗದ ಮೊದಲ ಸಾಲಿನಲ್ಲಿ ಮೂತ್ರಪಿಂಡ ವೈಫಲ್ಯವೆಂದು ಬರೆದು ಕೆಳಗಿನ ಸಾಲುಗಳನ್ನು ಖಾಲಿ ಬಿಟ್ಟಿದ್ದರೆ, ನಾನು ಅದನ್ನು ನೋಂದಣಿಗೆ ಕಳುಹಿಸುವ ಮುನ್ನ ವೈದ್ಯರ ಬಳಿಗೆ ಒಯ್ಯುತ್ತೇನೆ. ಅದಕ್ಕೆ ಕಾರಣವಾದದ್ದು ಕೆಳಗಿನ ಸಾಲಿನಲ್ಲಿ, ಅದಕ್ಕೂ ಮೂಲವಾದದ್ದು ಅದರ ಕೆಳಗೆ ಬರಬೇಕು. ಸಾವಿನ ಅಂಕಿಅಂಶಕ್ಕೆ ಎಣಿಕೆಯಾಗುವುದು ಆ ಮೂಲ ಕಾರಣವೇ. ಹಾವು ಕಚ್ಚಿ ಸತ್ತವರಲ್ಲಿ ಮೂಲ ಕಾರಣವಾಗಿ ನಿಲ್ಲುವುದು ಎಕ್ಸ್20. ಆದ್ದರಿಂದ ಪತ್ರದಲ್ಲಿ ಹಾವಿನ ಪ್ರಸ್ತಾಪ ಇಲ್ಲದಿದ್ದರೆ, ಮನೆಯವರು ಹೊರಗೆ ಕಾಯುತ್ತಿದ್ದರೂ, ಅವರಿಗೆ ವಿಷಯವನ್ನು ತಿಳಿಸಿ, ತುರ್ತು ವಿಭಾಗದ ಟಿಪ್ಪಣಿಯನ್ನು ಮೇಲಿಟ್ಟು ಅದೇ ಹೊತ್ತಿಗೆ ವಾರ್ಡಿಗೆ ಹೋಗಿ ಬರೆಯಿಸಿಕೊಂಡು ಬರುತ್ತೇನೆ.