ದಾಳಿಂಬೆಯನ್ನು ಬಿಡಿಸುವ, ಬಳಸುವ ಮತ್ತು ಅಳೆದು ತಿನ್ನುವ ಬಗೆ

ದಾಳಿಂಬೆಯಷ್ಟು ಹೊಗಳಿಸಿಕೊಂಡ ಹಣ್ಣು ಇನ್ನೊಂದಿರಲಾರದು. ಅದು ರಕ್ತ ಹೆಚ್ಚಿಸುತ್ತದೆ, ಹೃದಯವನ್ನು ಕಾಯುತ್ತದೆ, ಕ್ಯಾನ್ಸರನ್ನು ತಡೆಯುತ್ತದೆ ಎಂಬ ಮಾತುಗಳಲ್ಲಿ ಕೆಲವಕ್ಕೆ ಒಂದಿಷ್ಟು ಆಧಾರವಿದೆ, ಇನ್ನು ಕೆಲವಕ್ಕೆ ಹಣ್ಣಿನ ಕೆಂಪು ಬಣ್ಣವಷ್ಟೇ ಆಧಾರ. ಇಷ್ಟು ಹೊಗಳಿಕೆಯ ನಡುವೆಯೂ ಹಣ್ಣಿನ ಬುಟ್ಟಿಯಲ್ಲಿ ಕೊನೆಯವರೆಗೆ ಉಳಿದು ಒಣಗುವುದೂ ಇದೇ ಹಣ್ಣು. ಬಿಡಿಸಲು ಯಾರಿಗೂ ತಾಳ್ಮೆಯಿಲ್ಲ. ಆ ಬೇಸರಕ್ಕೆ ರಸದ ಬಾಟಲಿಯನ್ನೋ ಸಿಪ್ಪೆಯ ಪುಡಿಯನ್ನೋ ನೆಚ್ಚಿಕೊಂಡರೆ ಹೊಟ್ಟೆಗೆ ಹೋಗುವ ವಸ್ತುವೇ ಬದಲಾಗಿಬಿಡುತ್ತದೆ. ಕಾಳು, ರಸ, ಸಿಪ್ಪೆ, ಬೇರಿನ ತೊಗಟೆ ಒಂದೇ ಗಿಡದವಾದರೂ ದೇಹದ ಪಾಲಿಗೆ ಬೇರೆ ಬೇರೆ ಪದಾರ್ಥಗಳು. ಲಾಭ, ಅಪಾಯ ಎರಡನ್ನೂ ಈ ಲೆಕ್ಕದಲ್ಲಿಯೇ ನೋಡಬೇಕು.

ಮೊದಲು, ಹಣ್ಣನ್ನು ಆರಿಸುವುದು

ಗಿಡದಿಂದ ಕಿತ್ತ ಮೇಲೆ ದಾಳಿಂಬೆ ಮಾಗುವುದಿಲ್ಲ. ಮಾವು, ಬಾಳೆಗಳಂತೆ ನಾಲ್ಕು ದಿನ ಇಟ್ಟು ಸಿಹಿಯಾಗಿಸಿಕೊಳ್ಳುವ ಆಸೆ ಇಲ್ಲಿ ಫಲಿಸದು. ಕೊಂಡಾಗ ಹುಳಿಯಿದ್ದದ್ದು ಹುಳಿಯಾಗಿಯೇ ಉಳಿಯುತ್ತದೆ. ಸಿಪ್ಪೆಯ ಬಣ್ಣವನ್ನು ನಂಬಿ ಕೊಳ್ಳುವುದೂ ಸರಿಯಲ್ಲ. ಭಗವಾ ತಳಿಯ ಸಿಪ್ಪೆ ಕಡುಗೆಂಪಾಗಿದ್ದರೆ ಗಣೇಶ್ ತಳಿಯ ಹಣ್ಣು ಹಳದಿ ಬೆರೆತ ತಿಳಿಗೆಂಪಿನಲ್ಲಿಯೇ ಚೆನ್ನಾಗಿ ಬಲಿತಿರುತ್ತದೆ. ನೋಡಬೇಕಾದದ್ದು ತೂಕ ಮತ್ತು ಆಕಾರ. ಒಳಗಿನ ಕಾಳುಗಳು ರಸ ತುಂಬಿ ಉಬ್ಬಿದಂತೆಲ್ಲ ಸಿಪ್ಪೆಯನ್ನು ಒಳಗಿನಿಂದ ಒತ್ತುವುದರಿಂದ, ಬಲಿತ ಹಣ್ಣು ಚೆಂಡಿನಂತೆ ದುಂಡಗಿರದೆ ಅಲ್ಲಲ್ಲಿ ಚಪ್ಪಟೆಯಾಗಿ, ಏಣು ಮೂಡಿದಂತೆ ಕಾಣುತ್ತದೆ. ಒಂದೇ ಗಾತ್ರದ ಎರಡು ಹಣ್ಣುಗಳನ್ನು ಎರಡು ಕೈಯಲ್ಲಿ ಹಿಡಿದು ತೂಗಿ, ಭಾರವಾದುದನ್ನು ಇಟ್ಟುಕೊಳ್ಳಬೇಕು. ಆಲ್ಟರ್ನೇರಿಯಾ ಎಂಬ ಶಿಲೀಂಧ್ರ ಹೂವಿನ ಹಂತದಲ್ಲಿಯೇ ಒಳಸೇರಿದರೆ ಹಣ್ಣು ಹೊರಗೆ ನಿಗಿನಿಗಿ ಹೊಳೆಯುತ್ತಿದ್ದರೂ ಒಳಗೆ ಕಾಳೆಲ್ಲ ಕಪ್ಪಗೆ ಕೊಳೆತಿರುತ್ತದೆ. ಅಂಥ ಹಣ್ಣು ಗಾತ್ರಕ್ಕೆ ತಕ್ಕ ತೂಕವಿಲ್ಲದೆ ಹಗುರವಾಗಿರುವುದೇ ಹೊರಗಿನಿಂದ ಸಿಗುವ ಸುಳಿವು.

ಬಿಡಿಸುವುದು

ಹಣ್ಣನ್ನು ಅಡ್ಡಲಾಗಿ ಎರಡು ಹೋಳು ಮಾಡುವುದೇ ಹೆಚ್ಚಿನವರು ಮಾಡುವ ತಪ್ಪು. ಹಾಗೆ ಕತ್ತರಿಸಿದಾಗ ನೂರಾರು ಕಾಳುಗಳು ಒಡೆದು ಚಾಕು, ಮಣೆ, ಅಂಗಿ ಎಲ್ಲವೂ ಕಲೆಯಾಗುತ್ತವೆ. ಹಣ್ಣಿನೊಳಗೆ ಬಿಳಿ ಪೊರೆಗಳು ಗೋಡೆಯಂತೆ ನಿಂತು ಕೋಣೆಗಳನ್ನು ಮಾಡಿರುತ್ತವೆ. ಆ ಗೋಡೆಗಳ ಗುಂಟ ಬಿಡಿಸಿದರೆ ಕಾಳಿಗೆ ಚಾಕು ತಾಗುವ ಪ್ರಮೇಯವೇ ಇಲ್ಲ.

ಹಣ್ಣನ್ನು ಮೊದಲು ಚೆನ್ನಾಗಿ ತೊಳೆಯಬೇಕು, ಏಕೆಂದರೆ ಸಿಪ್ಪೆಯ ಮೇಲಿನ ಕೊಳೆಯನ್ನು ಚಾಕುವೇ ಒಳಗೆ ಒಯ್ಯುತ್ತದೆ. ಬಳಿಕ ಕಿರೀಟದಂತಿರುವ ತುದಿಯ ಸುತ್ತ, ಸಿಪ್ಪೆಯಷ್ಟೇ ಆಳಕ್ಕೆ ಚಾಕು ಆಡಿಸಿ, ಮುಚ್ಚಳ ತೆಗೆದಂತೆ ಮೇಲಿನ ಬಿಲ್ಲೆಯನ್ನು ಎತ್ತಬೇಕು. ಈಗ ಬಿಳಿ ಗೋಡೆಗಳು ನಕ್ಷತ್ರದ ಗೆರೆಗಳಂತೆ ಕಾಣುತ್ತವೆ. ಪ್ರತಿಯೊಂದು ಗೆರೆಯ ನೇರಕ್ಕೆ, ಮೇಲಿನಿಂದ ತೊಟ್ಟಿನವರೆಗೆ ಸಿಪ್ಪೆಯನ್ನಷ್ಟೇ ಗೀರಿ, ಎರಡೂ ಹೆಬ್ಬೆರಳುಗಳನ್ನು ನಡುವೆ ಇಟ್ಟು ಮೆಲ್ಲನೆ ಅಗಲಿಸಿದರೆ ಹಣ್ಣು ಹೂವಿನಂತೆ ಬಿಚ್ಚಿಕೊಳ್ಳುತ್ತದೆ. ಒಂದೊಂದು ಎಸಳನ್ನೂ ಅಗಲವಾದ ಪಾತ್ರೆಯ ನೀರಿನಲ್ಲಿ ಮುಳುಗಿಸಿಕೊಂಡು ಬೆರಳಿನಿಂದ ಕಾಳನ್ನು ಉದುರಿಸಿದರೆ ಕಾಳು ತಳ ಸೇರುತ್ತದೆ, ಹಗುರವಾದ ಪೊರೆ ತೇಲುತ್ತದೆ. ತೇಲಿದ್ದನ್ನು ಬಗ್ಗಿಸಿ ಚೆಲ್ಲಿ, ಕಾಳನ್ನು ಸೋಸಿ, ಬಟ್ಟೆಯ ಮೇಲೆ ಹರಡಿ ನೀರು ಆರಿಸಿದರೆ ಕೆಲಸ ಮುಗಿಯಿತು. ಕೈ ಕುದುರಿದ ಮೇಲೆ ಇದಕ್ಕೆ ಐದು ನಿಮಿಷ ಸಾಕು. ಹಣ್ಣಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಾಳು ಸಿಗುತ್ತದೆ. ಉಳಿದದ್ದು ಸಿಪ್ಪೆ ಮತ್ತು ಪೊರೆ.

ಇಡೀ ಹಣ್ಣು ಫ್ರಿಜ್ಜಿನಲ್ಲಿ ಹಲವು ವಾರ ಕೆಡದೆ ಇರುತ್ತದೆ. ಬಿಡಿಸಿದ ಕಾಳು ಮುಚ್ಚಿದ ಡಬ್ಬಿಯಲ್ಲಿ ನಾಲ್ಕೈದು ದಿನ ಬಾಳುತ್ತದೆ. ಅದಕ್ಕೂ ಹೆಚ್ಚು ಕಾಲ ಇಡಬೇಕಿದ್ದರೆ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ನಂತರ ಡಬ್ಬಿಗೆ ತುಂಬಬೇಕು. ಮೊದಲೇ ತುಂಬಿಟ್ಟರೆ ಎಲ್ಲವೂ ಒಂದೇ ಗಡ್ಡೆಯಾಗುತ್ತದೆ.

ಕಾಳಿನಲ್ಲಿ ಇರುವುದೇನು, ಇಲ್ಲದಿರುವುದೇನು

ನೂರು ಗ್ರಾಂ ಕಾಳಿನಲ್ಲಿ ಸುಮಾರು 83 ಕಿಲೋಕ್ಯಾಲರಿ, 14 ಗ್ರಾಂನಷ್ಟು ಸಕ್ಕರೆ, 4 ಗ್ರಾಂ ನಾರು, 10 ಮಿಲಿಗ್ರಾಂ ಸಿ ವಿಟಮಿನ್, 236 ಮಿಲಿಗ್ರಾಂ ಪೊಟ್ಯಾಷಿಯಂ, ಜೊತೆಗೆ ಗಣನೀಯ ಪ್ರಮಾಣದಲ್ಲಿ ಫೋಲೇಟ್ ಮತ್ತು ಕೆ ವಿಟಮಿನ್ ಇವೆ. ಕಬ್ಬಿಣ ಮಾತ್ರ 0.3 ಮಿಲಿಗ್ರಾಂ. ಹೆರುವ ವಯಸ್ಸಿನ ಮಹಿಳೆಗೆ ದಿನಕ್ಕೆ ಕಡಿಮೆಯೆಂದರೂ 18 ಮಿಲಿಗ್ರಾಂ ಕಬ್ಬಿಣ ಬೇಕಾಗುವಾಗ, ರಕ್ತಹೀನತೆಗೆ ದಾಳಿಂಬೆಯೊಂದನ್ನೇ ನೆಚ್ಚಿಕೊಳ್ಳುವುದು ಹೊಳೆಗೆ ಹುಣಸೆಹಣ್ಣು ಕಿವುಚಿದಂತೆ. ಹಿಮೋಗ್ಲೋಬಿನ್ ಕಡಿಮೆಯಿದೆ ಎಂದು ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಬದಿಗಿಟ್ಟು ಹಣ್ಣಿನ ರಸ ಕುಡಿಯುತ್ತ ತಿಂಗಳುಗಟ್ಟಲೆ ಕಳೆಯುವವರಿದ್ದಾರೆ. ಬಣ್ಣ ಕೆಂಪಾಗಿರುವುದು ಆಂಥೋಸಯನಿನ್‌ಗಳೆಂಬ ವರ್ಣದ್ರವ್ಯಗಳಿಂದ. ರಕ್ತದ ಕೆಂಪಿಗೂ ಅದಕ್ಕೂ ನಂಟಿಲ್ಲ.

ಹಾಗಾದರೆ ಹೆಗ್ಗಳಿಕೆ ಯಾವುದರಲ್ಲಿ? ಪ್ಯುನಿಕಲಾಜಿನ್ ಎಂಬ ಟ್ಯಾನಿನ್‌ಗಳಲ್ಲಿ. ಬಾಯಿಗೆ ಒಗರು ತರುವುದು ಈ ಟ್ಯಾನಿನ್‌ಗಳೇ. ಅವು ಕಾಳಿಗಿಂತ ಸಿಪ್ಪೆಯಲ್ಲಿ ಬಹಳ ಹೆಚ್ಚು. ದಾಳಿಂಬೆ ರಸದ ಉತ್ಕರ್ಷಣ ನಿರೋಧಕ (ಆಂಟಿಆಕ್ಸಿಡೆಂಟ್) ಶಕ್ತಿ ಕೆಂಪು ವೈನ್ ಮತ್ತು ಹಸಿರು ಚಹಾಕ್ಕಿಂತ ಮೂರು ಪಟ್ಟು ಎಂದು 2000ದಲ್ಲಿ ಪ್ರಕಟವಾದ, ಇಂದಿಗೂ ಜಾಹೀರಾತುಗಳಲ್ಲಿ ಸುತ್ತುತ್ತಿರುವ ಅಧ್ಯಯನದಲ್ಲಿ ಇನ್ನೊಂದು ಅಂಶವೂ ಇತ್ತು. ಅಷ್ಟು ಶಕ್ತಿ ಕಂಡದ್ದು ಸಿಪ್ಪೆಸಮೇತ ಇಡೀ ಹಣ್ಣನ್ನು ಹಿಂಡುವ ಕಾರ್ಖಾನೆಯ ರಸದಲ್ಲಿ. ಬರೀ ಕಾಳಿನಿಂದ ತೆಗೆದ ರಸದಲ್ಲಿ ಅದು ಕಡಿಮೆಯಿತ್ತು. ಅಲ್ಲದೆ ಪ್ಯುನಿಕಲಾಜಿನ್ ನೇರವಾಗಿ ರಕ್ತಕ್ಕೆ ಸೇರುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಯುರೊಲಿಥಿನ್ ಎಂಬ ಸಂಯುಕ್ತಗಳನ್ನಾಗಿ ಮಾಡಬೇಕು, ಮತ್ತು ಆ ಕೆಲಸ ಬಲ್ಲ ಬ್ಯಾಕ್ಟೀರಿಯಾಗಳು ಎಲ್ಲರ ಕರುಳಿನಲ್ಲಿಯೂ ಇರುವುದಿಲ್ಲ. ಒಂದೇ ಹಣ್ಣನ್ನು ಹಂಚಿಕೊಂಡು ತಿಂದ ಇಬ್ಬರಿಗೆ ಒಂದೇ ಫಲ ಸಿಗಬೇಕೆಂದಿಲ್ಲ ಎನ್ನುವುದು ನನಗೆ ಈ ಹಣ್ಣಿನ ಅತ್ಯಂತ ಕುತೂಹಲದ ಸಂಗತಿ.

ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ತಕ್ಕಮಟ್ಟಿಗೆ ಗಟ್ಟಿಯಾಗಿ ನಿಂತಿರುವುದು ರಕ್ತದೊತ್ತಡದ ವಿಷಯ. ಎಂಟು ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ದಾಳಿಂಬೆ ರಸ ಕುಡಿದವರಲ್ಲಿ ರಕ್ತದೊತ್ತಡದ ಮೇಲಿನ ಅಂಕಿ (ಸಿಸ್ಟೋಲಿಕ್) ಸರಾಸರಿ 5ರಷ್ಟು ಇಳಿದಿತ್ತು. ಇದು ಸಣ್ಣದಲ್ಲ, ಆದರೆ ಮಾತ್ರೆಗೆ ಬದಲಿಯೂ ಅಲ್ಲ. ಪ್ರಾಸ್ಟೇಟ್ ಕ್ಯಾನ್ಸರಿನ ವಿಷಯದಲ್ಲಿ 2006ರ ಒಂದು ಅಧ್ಯಯನ ಭರವಸೆ ಹುಟ್ಟಿಸಿತ್ತಾದರೂ ಅದರಲ್ಲಿ ಹೋಲಿಕೆಗೆ ಇನ್ನೊಂದು ಗುಂಪೇ ಇರಲಿಲ್ಲ. ಹೋಲಿಕೆಯ ಗುಂಪನ್ನು ಇಟ್ಟುಕೊಂಡು ನಡೆದ ಮುಂದಿನ ಪ್ರಯೋಗದಲ್ಲಿ ಆ ಭರವಸೆ ಉಳಿಯಲಿಲ್ಲ. ರಸ ಮಾರುವ ಹೆಸರಾಂತ ಕಂಪನಿಯೊಂದು ಹೃದ್ರೋಗ, ಕ್ಯಾನ್ಸರ್‌ಗಳ ಹೆಸರಿನಲ್ಲಿ ಮಾಡಿದ ಜಾಹೀರಾತುಗಳು ದಾರಿ ತಪ್ಪಿಸುವಂಥವು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲಿ ತೀರ್ಪು ನೀಡಿತು.

ರಸಕ್ಕೆ ಬಂದರೆ ಲೆಕ್ಕ ಬೇರೆ. 250 ಮಿಲಿಲೀಟರಿನ ಒಂದು ಲೋಟದಲ್ಲಿ 30 ಗ್ರಾಂಗೂ ಮಿಕ್ಕಿ ಸಕ್ಕರೆ, 500 ಮಿಲಿಗ್ರಾಂಗೂ ಮಿಕ್ಕಿ ಪೊಟ್ಯಾಷಿಯಂ ಇರುತ್ತದೆ. ನಾರು ಇಲ್ಲವೆಂದೇ ಹೇಳಬೇಕು. ಹಣ್ಣಿನ ರಸದ ಸಕ್ಕರೆಯನ್ನೂ ವಿಶ್ವ ಆರೋಗ್ಯ ಸಂಸ್ಥೆ ಮಿತಿಗೊಳಿಸಬೇಕಾದ ಸಕ್ಕರೆಯ ಪಟ್ಟಿಯಲ್ಲಿಯೇ ಸೇರಿಸುತ್ತದೆ, ಮತ್ತು ಅದು ಅಪೇಕ್ಷಿಸುವ ದಿನಕ್ಕೆ ಸುಮಾರು 25 ಗ್ರಾಂ ಮಿತಿಯನ್ನು ಈ ಒಂದು ಲೋಟವೇ ದಾಟಿಬಿಡುತ್ತದೆ. ಬೀಜಸಮೇತ ಕಾಳನ್ನು ಅಗಿದು ತಿನ್ನುವುದೇ ಲೇಸು. ದಿನಕ್ಕೊಂದು ಬಟ್ಟಲು ಸಾಕು.

ಅಡುಗೆಗೆ ಬಳಸುವಾಗ

ಕಾಳಿಗೆ ಬೆಂಕಿ ಆಗಿಬರದು. ಬಿಸಿ ತಾಗಿದಷ್ಟೂ ಬಣ್ಣ ಮಾಸಿ, ರಸ ಸೋರಿ, ಬಾಯಲ್ಲಿ ಬೀಜ ಮಾತ್ರ ಉಳಿಯುತ್ತದೆ. ಆದ್ದರಿಂದ ಅನ್ನದ ಖಾದ್ಯವಿರಲಿ, ಹಸಿ ತರಕಾರಿಯ ಸಲಾಡ್ ಇರಲಿ, ಕಾಳನ್ನು ಬಡಿಸುವ ಮುನ್ನ ಉದುರಿಸುವುದೇ ಸರಿ. ಅಡುಗೆ ಸೋಡಾ ಬಿದ್ದಲ್ಲಿ ಆಂಥೋಸಯನಿನ್ ಕೆಂಪು ಕಳೆದುಕೊಂಡು ನೀಲಿ ಬೂದುಬಣ್ಣಕ್ಕೆ ತಿರುಗುತ್ತದೆ. ನಿಂಬೆರಸದ ಹನಿ ಅದನ್ನು ಕೆಂಪಾಗಿಯೇ ಇರಿಸುತ್ತದೆ. ಹಾಲಿಗೆ ಹುಳಿ ದಾಳಿಂಬೆಯ ರಸ ಬೆರೆಸಿದರೆ ಒಡೆಯುವುದು ಖಂಡಿತ, ಮೊಸರಿಗೆ ಆ ಭಯವಿಲ್ಲ.

ರಸ ತೆಗೆಯುವಾಗ ಮಿಕ್ಸಿಯನ್ನು ಎರಡು ಮೂರು ಬಾರಿ ತಿರುಗಿಸಿ ನಿಲ್ಲಿಸಿ, ಸೌಟಿನ ಹಿಂಬದಿಯಿಂದ ಒತ್ತಿ ಸೋಸಬೇಕು. ಬೀಜ ಅರೆದುಹೋದರೆ ರಸ ಕಹಿಯಾಗುತ್ತದೆ. ಈ ರಸವನ್ನು ಕಾಯಿಸಿ ಮಾಡುವ ಗಟ್ಟಿ ಪಾಕ ದಾಳಿಂಬೆಯ ಎಲ್ಲ ರೂಪಗಳಲ್ಲಿ ನನಗೆ ಅತಿ ಮೆಚ್ಚು. ಒಂದು ಲೀಟರ್ ರಸಕ್ಕೆ ಎರಡು ಚಮಚ ನಿಂಬೆರಸ ಹಾಕಿ, ಅಗಲವಾದ ಸ್ಟೀಲ್ ಪಾತ್ರೆಯಲ್ಲಿ, ಸಣ್ಣ ಉರಿಯಲ್ಲಿ ತಾಸಿಗೂ ಹೆಚ್ಚು ಹೊತ್ತು ಕುದಿಸಿದರೆ ಕಾಲು ಲೀಟರಿನಷ್ಟಕ್ಕೆ ಇಳಿಯುತ್ತದೆ. ಹುಳಿ ತೀರ ಜೋರಿದ್ದರೆ ಸಕ್ಕರೆ ಸೇರಿಸಬಹುದು. ಚಮಚದ ಹಿಂಬದಿಗೆ ಅಂಟಿದ ಪಾಕದ ನಡುವೆ ಬೆರಳಿನಿಂದ ಗೆರೆ ಎಳೆದಾಗ ಆ ಗೆರೆ ಕೂಡಿಕೊಳ್ಳದೆ ನಿಂತರೆ ಹದ ಬಂದಿದೆಯೆಂದರ್ಥ. ಬಿಸಿಯಲ್ಲಿ ಅದು ತೆಳ್ಳಗೇ ಕಾಣುತ್ತದೆ, ಆರಿದಂತೆ ಗಟ್ಟಿಯಾಗುತ್ತದೆ. ಇನ್ನೂ ಸ್ವಲ್ಪ ಕಾಯಲಿ ಎಂದು ಬಿಟ್ಟರೆ ಬಾಟಲಿಯಿಂದ ಕದಲದ ಅಂಟಾಗುತ್ತದೆ. ಒಮ್ಮೆ ನಾನು ಇದನ್ನು ಕಬ್ಬಿಣದ ಬಾಣಲೆಯಲ್ಲಿ ಕಾಯಿಸಲು ಹೋಗಿ, ಟ್ಯಾನಿನ್ ಕಬ್ಬಿಣದೊಡನೆ ಸೇರಿ ಶಾಯಿಯಂತೆ ಕಪ್ಪಾದ ದ್ರವವನ್ನು ಚೆಲ್ಲಬೇಕಾಯಿತು. ಹದವಾದ ಪಾಕ ಬದನೆ, ಬೀಟ್‌ರೂಟ್, ಆಕ್ರೋಟ್, ಹುರಿದ ಮಾಂಸ ಇವಕ್ಕೆಲ್ಲ ಹೊಂದುತ್ತದೆ, ಹುಣಸೆರಸದ ಜಾಗದಲ್ಲಿ ನಿಲ್ಲುತ್ತದೆ. ಹುಳಿ ತಳಿಗಳ ಕಾಳನ್ನು ಬೀಜಸಮೇತ ಒಣಗಿಸಿ ಮಾಡುವ ಅನಾರ್‌ದಾನವನ್ನು ಹುರಿದು ಪುಡಿಮಾಡಿ ಬೇಳೆಕಾಳುಗಳ ಪಲ್ಯಕ್ಕೆ, ಚಟ್ನಿಗೆ ಹಾಕಬಹುದು.

ಯಾರು ಎಚ್ಚರ ವಹಿಸಬೇಕು

ಆರೋಗ್ಯವಂತರಿಗೆ ಕಾಳಿನಿಂದ ತೊಂದರೆ ಅಪರೂಪ, ಕೆಲವರಿಗಷ್ಟೇ ಅಲರ್ಜಿಯಾಗುತ್ತದೆ. ಚಿಕ್ಕ ಮಕ್ಕಳಿಗೆ ಕಾಳನ್ನು ಕಿವುಚಿ ಕೊಡುವುದು ಒಳ್ಳೆಯದು. ಔಷಧಿ ಸೇವಿಸುವವರ ಮಾತು ಬೇರೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ದಾಳಿಂಬೆ ರಸದಿಂದ ಔಷಧಿಯ ಪರಿಣಾಮ ಏರುಪೇರಾದ ಬಿಡಿ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಔಷಧಿಯನ್ನು ಒಡೆಯುವ ಯಕೃತ್ತಿನ ಕಿಣ್ವಗಳನ್ನು ಈ ರಸ ತಡೆಯುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಕಂಡಷ್ಟು ಸ್ಪಷ್ಟವಾಗಿ ಮನುಷ್ಯರಲ್ಲಿ ಕಂಡಿಲ್ಲವಾದರೂ, ಇಂಥ ಔಷಧಿಯಲ್ಲಿರುವವರು ದಿನವೂ ರಸ ಕುಡಿಯಲು ಶುರುಮಾಡುವ ಮುನ್ನ ವೈದ್ಯರಿಗೆ ತಿಳಿಸಲೇಬೇಕು. ಮೂತ್ರಪಿಂಡದ ಕಾಯಿಲೆಯಿರುವವರು, ಪೊಟ್ಯಾಷಿಯಂ ಏರಿಸುವ ರಕ್ತದೊತ್ತಡದ ಮಾತ್ರೆ ನುಂಗುವವರು ಲೋಟದಲ್ಲಿರುವ ಪೊಟ್ಯಾಷಿಯಂ ಲೆಕ್ಕ ಮರೆಯಬಾರದು. ದಾಳಿಂಬೆ ಬೀಜದಂಥ ಹಲ್ಲು ಎಂದು ಹೊಗಳುವುದೇನೋ ಸರಿ, ಆದರೆ ಆ ಹುಳಿ ಹಲ್ಲಿನ ಎನಾಮಲ್ಲಿಗೆ ಒಳ್ಳೆಯದಲ್ಲ. ರಸ ಕುಡಿದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬಿಟ್ಟು ಹಲ್ಲುಜ್ಜಬೇಕು.

ಸಿಪ್ಪೆಯ ಪುಡಿಯನ್ನು ಮನಬಂದಂತೆ ಕುಡಿಯುವುದನ್ನು ನಾನಂತೂ ಒಪ್ಪುವುದಿಲ್ಲ. ಟ್ಯಾನಿನ್ ಅಷ್ಟು ಸಾಂದ್ರವಾಗಿರುವಲ್ಲಿ ಹೊಟ್ಟೆ ಕೆಡುವುದುಂಟು, ಆಹಾರದ ಕಬ್ಬಿಣ ಮೈಗೆ ಹತ್ತುವುದೂ ಕಡಿಮೆಯಾಗುತ್ತದೆ. ರಕ್ತ ಹೆಚ್ಚಲಿ ಎಂದು ಕುಡಿದರೆ ಫಲ ಉಲ್ಟಾ. ಬೇರು ಮತ್ತು ಕಾಂಡದ ತೊಗಟೆಯಂತೂ ಮನೆಮದ್ದಾಗಿ ಸಲ್ಲವೇ ಸಲ್ಲ. ಅದರಲ್ಲಿರುವ ಪೆಲೆಟಿಯರೀನ್ ಎಂಬ ಆಲ್ಕಲಾಯ್ಡನ್ನು ಹಿಂದೆ ಲಾಡಿಹುಳು ಕೊಲ್ಲಲು ಬಳಸುತ್ತಿದ್ದರು; ಪ್ರಮಾಣ ಮೀರಿದರೆ ತಲೆಸುತ್ತು, ವಾಂತಿ, ದೃಷ್ಟಿದೋಷ ಬರುತ್ತವೆ.

ಅಂಗಡಿಯ ಫ್ರೀಜರಿನಿಂದ ತಂದ ಕಾಳಿನ ವಿಷಯ ಇನ್ನೊಂದು. 2013ರಲ್ಲಿ ಅಮೆರಿಕದಲ್ಲಿ ಹೆಪ್ಪುಗಟ್ಟಿಸಿದ ಹಣ್ಣಿನ ಮಿಶ್ರಣ ತಿಂದ 165 ಮಂದಿಗೆ ಹೆಪಟೈಟಿಸ್ ಎ ತಗುಲಿದಾಗ, ಮೂಲವೆಂದು ಗುರುತಿಸಿದ್ದು ಅದರಲ್ಲಿದ್ದ ದಾಳಿಂಬೆ ಕಾಳನ್ನೇ. ಈ ವೈರಾಣು ತಣ್ಣಗಿನ ಫ್ರೀಜರಿನಲ್ಲಿ ಸಾಯುವುದಿಲ್ಲ, ಕುದಿಯುವ ಶಾಖಕ್ಕೆ ಸಾಯುತ್ತದೆ. ಅಂಥ ಕಾಳನ್ನು ಹಸಿಯಾಗಿ ಉದುರಿಸುವ ಬದಲು ಕುದಿಸುವ ಪಾಕಕ್ಕೆ ಬಳಸಿಕೊಂಡು, ಹಾಗೆಯೇ ತಿನ್ನಲು ತೊಳೆದ ಕೈಯಿಂದ ಮನೆಯಲ್ಲಿಯೇ ಬಿಡಿಸಿದ್ದನ್ನು ಇಟ್ಟುಕೊಳ್ಳಬಹುದು.