ಹಳ್ಳಿ ಡೇರಿಗೆ ವಾರಕ್ಕೊಂದು ವರ್ಷನ್

ನಮ್ಮ ಕಡೆಯ ಒಂದು ಹಳ್ಳಿ ಡೇರಿಗೆ ಹಾಲಿನ ಲೆಕ್ಕದ ಆ್ಯಪ್ ಮಾಡಿಕೊಟ್ಟೆ. ಮೊದಲ ವರ್ಷನ್‌ನಲ್ಲಿ ಇದ್ದದ್ದು ಎರಡೇ: ರೈತರ ನಂಬರ್, ಲೀಟರ್. ಫ್ಯಾಟ್ ಇಲ್ಲ, ರೇಟ್ ಇಲ್ಲ, ಲಾಗಿನ್ ಕೂಡ ಇಲ್ಲ. ಬೇಕಂತಲೇ ಹಾಗೆ ಮಾಡಿದೆ. ಬೆಳಗ್ಗೆ ಜನ ಕ್ಯಾನ್ ಹಿಡಿದು ಸಾಲು ನಿಂತಾಗ, ರಿಜಿಸ್ಟರಿನಷ್ಟೇ ಬೇಗ ಫೋನಿನಲ್ಲಿ ಬರೆದುಕೊಳ್ಳಲು ಆಗುತ್ತಾ? ಅದು ಆಗದಿದ್ದರೆ ಬೇರೆ ಯಾವ ಸ್ಕ್ರೀನ್ ಇದ್ದೂ ಉಪಯೋಗವಿಲ್ಲ, ಅಲ್ವಾ?

ಸೆಕ್ರೆಟರಿಯನ್ನು ಏನೂ ಕೇಳಲಿಲ್ಲ. ಪಕ್ಕದಲ್ಲಿ ಸುಮ್ನೆ ನಿಂತು ನೋಡಿದೆ. ಹಾಲು ಅಳೆಯುವ ಕೈ ಯಾವಾಗಲೂ ಒದ್ದೆ. ಒದ್ದೆ ಬೆರಳಿಗೆ ಸಣ್ಣ ಕೀಬೋರ್ಡ್ ಸಿಗುವುದಿಲ್ಲ. 4 ಒತ್ತಿದರೆ 7 ಬೀಳುತ್ತದೆ. ಪ್ರತಿ ಸಲ ಟವೆಲ್‌ಗೆ ಬೆರಳು ಒರೆಸಿಕೊಳ್ಳುತ್ತಿದ್ದರು. ಮುಂದಿನ ವರ್ಷನ್‌ನಲ್ಲಿ ಫೋನಿನ ಕೀಬೋರ್ಡ್ ತೆಗೆದು, ಅರ್ಧ ಸ್ಕ್ರೀನ್ ತುಂಬುವಷ್ಟು ದೊಡ್ಡ ಅಂಕಿಗಳನ್ನು ಹಾಕಿದೆ. ಮೀಟಿಂಗಿನಲ್ಲಿ ಕೂತು ಕೇಳಿದ್ದರೆ ಇದನ್ನು ಯಾರೂ ಹೇಳುತ್ತಿರಲಿಲ್ಲ.

ಆಮೇಲೆ ಪ್ರತಿ ಭಾನುವಾರ ಒಂದು ವರ್ಷನ್. ದಿನ ಬದಲಾಗುವುದಿಲ್ಲ, ಮುಗಿಯದ ಕೆಲಸ ಮುಂದಿನ ವಾರಕ್ಕೆ. ಸಾಫ್ಟ್‌ವೇರ್ ಬಗ್ಗೆ ಪುಸ್ತಕ ಬರೆದ ಜೇಮ್ಸ್ ಮಾರ್ಟಿನ್ 1991ರಲ್ಲೇ ಟೈಮ್‌ಬಾಕ್ಸ್ ಅಂತ ವಿವರಿಸಿದ್ದು ಇದನ್ನೇ. ಒಬ್ಬನೇ ಕೆಲಸ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಶಿಸ್ತು ನನಗೆ ಗೊತ್ತಿಲ್ಲ.

ಎಸ್‌ಎನ್‌ಎಫ್ ಅಂದರೆ ಹಾಲಿನಲ್ಲಿ ಫ್ಯಾಟ್ (ಕೊಬ್ಬು) ಬಿಟ್ಟು ಉಳಿದ ಘನಾಂಶ. ಅದರ ಲೆಕ್ಕ ಸುಲಭ: ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ರೀಡಿಂಗಿನ ಕಾಲು ಭಾಗ, ಫ್ಯಾಟಿನ ಐದನೇ ಒಂದು ಭಾಗ, ಜೊತೆಗೆ ಒಂದು ಸ್ಥಿರ ಸಂಖ್ಯೆ. ಆ ಸಂಖ್ಯೆ ಒಂದೊಂದು ಕಡೆ ಒಂದೊಂದು ಥರ. ಹಾಗಾಗಿ ಅದನ್ನು ಕೋಡಿನಲ್ಲಿ ಬರೆಯದೆ ಸೆಟ್ಟಿಂಗ್‌ಗೆ ಹಾಕಿದೆ.

ಜಾಸ್ತಿ ಸಮಯ ತಿಂದದ್ದು ರೈತರಿಗೆ ಕೊಡುವ ಹಾಲಿನ ಲೆಕ್ಕದ ಚೀಟಿ. ಕಡಿಮೆ ಬೆಲೆಯ ಬ್ಲೂಟೂತ್ ಪ್ರಿಂಟರಿಗೆ ಕನ್ನಡ ಫಾಂಟ್ ಗೊತ್ತಿಲ್ಲ. ಮೊದಲ ವಾರ ಇಂಗ್ಲಿಷ್ ಅಂಕಿಗಳಲ್ಲೇ ಚೀಟಿ ಕೊಟ್ಟೆವು. ಹಾಲು ಹಾಕುವ ಅಜ್ಜಿಯೊಬ್ಬರು "ನನ್ನ ಹೆಸರೆಲ್ಲಿ?" ಅಂದರು. ಮುಂದಿನ ಭಾನುವಾರ ಇಡೀ ಚೀಟಿಯನ್ನು ಫೋನಿನಲ್ಲೇ ಚಿತ್ರವಾಗಿ ಮಾಡಿ ಪ್ರಿಂಟರಿಗೆ ಕಳಿಸಿದೆ. ಒತ್ತಕ್ಷರ ಸಮೇತ ಹೆಸರು ಸರಿಯಾಗಿ ಬಂತು.

ಇಷ್ಟು ಬೇಗ ಬದಲಾಯಿಸುವಾಗ ಡೇಟಾ ಕೆಡಬಾರದು. ಅದು ರೈತರ ದುಡ್ಡು. ಅದಕ್ಕೆ ಡೇಟಾಬೇಸಿನಲ್ಲಿ ಹೊಸ ಕಾಲಂ ಸೇರಿಸುತ್ತಿದ್ದೆ, ಹಳೆಯದನ್ನು ಅಳಿಸುತ್ತಿರಲಿಲ್ಲ. ನೆಟ್‌ವರ್ಕ್ ಇಲ್ಲದಾಗಲೂ ಎಲ್ಲ ಫೋನಿನಲ್ಲೇ ಉಳಿಯುತ್ತಿತ್ತು. ಬಟವಾಡೆ ಪೈಸೆ ಪೈಸೆ ತಾಳೆಯಾಗುವವರೆಗೆ ಕಾಗದದ ರಿಜಿಸ್ಟರನ್ನೂ ನಿಲ್ಲಿಸಲಿಲ್ಲ.

ಈಗ ಬೋನಸ್ ಲೆಕ್ಕ ಕೇಳಿದ್ದಾರೆ. ಈ ಭಾನುವಾರ ರೈತರ ಹೆಸರು, ವರ್ಷದ ಒಟ್ಟು ಲೀಟರ್ ಇರುವ ಪಟ್ಟಿ ಮಾತ್ರ ಕೊಡುತ್ತೇನೆ.